"ನೀವು ಪ್ಲೇಟ್ ಎಷ್ಟು ದಿನ ಇಡ್ತೀರಾ?"

ನಮ್ಮ ಲ್ಯಾಬಿನಲ್ಲಿ ಒಬ್ಬ ರೋಗಿಯ ಕಫವನ್ನು ಪ್ಲೇಟಿಗೆ (ಪೋಷಕಾಂಶ ಬೆರೆಸಿದ ಅಗರ್ ಎಂಬ ಜೆಲ್ಲಿ ಹುಯ್ದ ತಟ್ಟೆ) ಹಾಕಿ ನೋಡಿ ಮೂರು ಸಲ 'ಶಿಲೀಂಧ್ರ ಬೆಳೆದಿಲ್ಲ' ಎಂದು ರಿಪೋರ್ಟ್ ಕೊಟ್ಟಿದ್ದೆವು. ಅವರಿಗೆ ಸಿಸ್ಟಿಕ್ ಫೈಬ್ರೋಸಿಸ್, ಅಂದರೆ ಶ್ವಾಸಕೋಶದಲ್ಲಿ ಅಂಟು ಲೋಳೆ ಕಟ್ಟಿಕೊಳ್ಳುವ ಆನುವಂಶಿಕ ಕಾಯಿಲೆ. ಶ್ವಾಸಕೋಶದ ಕಸಿಗೆ ಮುಂಚೆ ಬೇರೆ ಲ್ಯಾಬಿನಲ್ಲಿ ನೋಡಿದಾಗ ಸೆಡೋಸ್ಪೋರಿಯಂ ಎಂಬ ಶಿಲೀಂಧ್ರ ಸಿಕ್ಕಿತು. ಡಾಕ್ಟರು ಫೋನ್ ಮಾಡಿದರು. ಬೈಯಲಿಲ್ಲ. "ನೀವು ಪ್ಲೇಟ್ ಎಷ್ಟು ದಿನ ಇಡ್ತೀರಾ?" ಎಂದು ಕೇಳಿದರು, ಅಷ್ಟೇ.

ಎರಡು ದಿನ. ಬೇರೆಲ್ಲರ ಕಫಕ್ಕೂ ಅದೇ ಲೆಕ್ಕ ತಾನೇ ಎಂದುಕೊಂಡಿದ್ದೆ.

ಆದರೆ ಈ ಕಫವೇ ಬೇರೆ. ಅಂಟು ಅಂಟಾಗಿ, ಲೂಪ್ (ತಂತಿಯ ಕುಣಿಕೆ) ಹಾಕಿದರೆ ಎಳೆ ಎಳೆಯಾಗಿ ಹಿಂದೆಯೇ ಬರುತ್ತದೆ. ಶಿಲೀಂಧ್ರ ಆ ಲೋಳೆಯ ಯಾವುದೋ ಒಂದು ಮುದ್ದೆಯೊಳಗೆ ಕೂತಿರುತ್ತದೆ. ಮೇಲಿಂದ ಒಂದು ಚೂರು ತೆಗೆದು ಗೀರಿದರೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಈಗ ಮೊದಲು ಲೋಳೆ ಕರಗಿಸುವ ಡೈಥಯೋಥ್ರೈಟಾಲ್ ಬೆರೆಸಿ, ಅಲ್ಲಾಡಿಸಿ, ಕಾಲು ಗಂಟೆ ಬಿಡುತ್ತೇನೆ. ವಾಸನೆ ಮಾತ್ರ ಕೊಳೆತ ಮೊಟ್ಟೆಯದೇ! ಕಫ ನೀರಾದ ಮೇಲೆ ಧಾರಾಳವಾಗಿಯೇ ಹಾಕುತ್ತೇನೆ. ತೆಳುಮಾಡಿ ಒಂದು ಹನಿ ಹಾಕುವುದಕ್ಕಿಂತ ಹೀಗೆ ಹಾಕಿದರೆ ಆಸ್ಪರ್‌ಜಿಲ್ಲಸ್ ಎಂಬ ಶಿಲೀಂಧ್ರ ಸಿಗುವುದು ಜಾಸ್ತಿ.

ಇನ್ನೊಂದು ತಲೆನೋವು ಸೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ. ಒಂದೇ ರಾತ್ರಿಯಲ್ಲಿ ಪ್ಲೇಟ್ ಪೂರ್ತಿ ಹರಡಿಕೊಳ್ಳುತ್ತದೆ. ಸಾಲದು ಎಂದು ಶಿಲೀಂಧ್ರವನ್ನು ತಡೆಯುವ ರಾಸಾಯನಿಕಗಳನ್ನೂ ಬಿಡುತ್ತದೆ. ಶಿಲೀಂಧ್ರ ಬೆಳೆಸಲು ಬಳಸುವ ಬರೀ ಸಬೂರಾಡ್ ಅಗರ್ ಇದರ ಮುಂದೆ ನಿಲ್ಲುವುದಿಲ್ಲ, ಆಂಟಿಬಯಾಟಿಕ್ ಸೇರಿಸಿರಲೇಬೇಕು. ಸೆಡೋಸ್ಪೋರಿಯಂಗೆ ಬೇರೆಯೇ ಪ್ಲೇಟ್: ಡೈಕ್ಲೋರಾನ್, ಬೆನೋಮಿಲ್ ಎಂಬ ಶಿಲೀಂಧ್ರ ತಡೆಯುವ ರಾಸಾಯನಿಕ ಹಾಕಿದ್ದು. ಆಸ್ಪರ್‌ಜಿಲ್ಲಸ್ ಬೆನೋಮಿಲ್‌ಗೆ ಸುಮ್ಮನಾಗುತ್ತದೆ, ಸೆಡೋಸ್ಪೋರಿಯಂ ಆಗುವುದಿಲ್ಲ. ಹಿಂದೆ ಬಿದ್ದಿದ್ದವನಿಗೆ ಜಾಗ ಸಿಕ್ಕಂತೆ.

ದಿನದ ಲೆಕ್ಕ ಈಗ ಮೂರು ವಾರ. ಅಷ್ಟು ದಿನ ಇಟ್ಟರೆ ಅಗರ್ ಒಣಗಿ ಹಪ್ಪಳವಾಗುತ್ತದೆ. ಮೊದಮೊದಲು ಹಾಗೆ ಎಷ್ಟೋ ಪ್ಲೇಟ್ ಹಾಳು ಮಾಡಿದೆ. ಈಗ ಅಗರ್ ದಪ್ಪಗೆ ಹುಯ್ದು, ಸುತ್ತ ಟೇಪ್ ಸುತ್ತಿ, ಇನ್‌ಕ್ಯುಬೇಟರಿನಲ್ಲಿ ಒಂದು ಟ್ರೇ ನೀರಿಡುತ್ತೇನೆ.

ಕಾದದ್ದಕ್ಕೆ ಫಲ ಸಿಕ್ಕ ದಿನ ಚೆನ್ನಾಗಿ ನೆನಪಿದೆ. 12ನೇ ದಿನ, ಖಾಲಿ ಎಂದೇ ಅಂದುಕೊಂಡಿದ್ದ ಪ್ಲೇಟಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಕೀಲೆಣ್ಣೆ ತೊಟ್ಟಿಕ್ಕಿದ ಹಾಗೆ ಮಿರಮಿರ ಹೊಳೆಯುತ್ತಿತ್ತು. ಬೂಷ್ಟಿನ ಕೂದಲು ಒಂದೂ ಇಲ್ಲ. ಏನೋ ಕೊಳೆ ಎಂದು ಬಿಡುವುದರಲ್ಲಿದ್ದೆ. ಸೂಜಿಯಲ್ಲಿ ಮುಟ್ಟಿದರೆ ಲೋಳೆ. ಸ್ಲೈಡಿನಲ್ಲಿ ಕಂದು ಬಣ್ಣದ, ಮೊಗ್ಗು ಬಿಡುವ ಯೀಸ್ಟ್ ಕೋಶಗಳು. ಎಕ್ಸೋಫಿಯಾಲಾ ಡರ್ಮಟೈಟಿಡಿಸ್! ಹೆಸರು ಖಚಿತವಾಗಲು ಡಿಎನ್‌ಎ ಸೀಕ್ವೆನ್ಸಿಂಗ್ ಮಾಡಿಸಿದೆವು.

ಹೆಸರಿಗೆ ಯಾಕಿಷ್ಟು ಒದ್ದಾಟ ಎಂದು ಕೆಲವರು ಕೇಳುತ್ತಾರೆ. ಸೆಡೋಸ್ಪೋರಿಯಂ ಶಿಲೀಂಧ್ರದ ಔಷಧಿಯಾದ ಆಂಫೊಟೆರಿಸಿನ್‌ಗೆ ಸಾಮಾನ್ಯವಾಗಿ ಬಗ್ಗುವುದಿಲ್ಲ. ಅದರ ಹತ್ತಿರದ ನೆಂಟ ಲೊಮೆಂಟೋಸ್ಪೋರಾ ಹೆಚ್ಚುಕಡಿಮೆ ಯಾವ ಔಷಧಿಗೂ ಬಗ್ಗುವುದಿಲ್ಲ. ಕಸಿಯಾದ ಮೇಲೆ ರೋಗನಿರೋಧಕ ಶಕ್ತಿಯನ್ನು ಔಷಧಿ ಕೊಟ್ಟೇ ತಗ್ಗಿಸುತ್ತಾರೆ. ಆಗ ಗೊತ್ತಾದರೆ ತಡವಾಯಿತು, ಅಲ್ವಾ?

ಹಾಗಂತ ಬೆಳೆದದ್ದೆಲ್ಲ ಕಾಯಿಲೆಯಲ್ಲ. ಆಸ್ಪರ್‌ಜಿಲ್ಲಸ್ ಎಷ್ಟೋ ಜನರ ಶ್ವಾಸನಾಳದಲ್ಲಿ ಸುಮ್ನೆ ಇರುತ್ತದೆ. ಅಲರ್ಜಿ ಶುರುವಾಗಿದೆಯಾ ಎನ್ನುವುದಕ್ಕೆ ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯ ನೋಡಬೇಕು, ಅದನ್ನು ಪ್ಲೇಟ್ ಹೇಳುವುದಿಲ್ಲ. ಗಾಳಿಯಿಂದ ಬಿದ್ದ ಬೀಜಕಣವೂ ಇರಬಹುದು. ಅದಕ್ಕೇ ಪ್ರತಿ ಸಲ ಕಫ ಹಾಕದ ಒಂದು ಪ್ಲೇಟನ್ನೂ ಜೊತೆಗೆ ಇಡುತ್ತೇನೆ.

ಈಗಿನ ಫಜೀತಿ ಬೇರೆ. 2019ರಲ್ಲಿ ಈ ಕಾಯಿಲೆಯ ಮೂಲ ದೋಷವನ್ನೇ ತಕ್ಕಮಟ್ಟಿಗೆ ಸರಿಪಡಿಸುವ, ಮೂರು ಔಷಧಿ ಸೇರಿದ ಮಾಡ್ಯುಲೇಟರ್ ಮಾತ್ರೆ ಬಂದಮೇಲೆ, ಅದನ್ನು ತೆಗೆದುಕೊಳ್ಳುವ ಎಷ್ಟೋ ಜನರಿಗೆ ಕಫವೇ ಬರುವುದಿಲ್ಲ. ಅವರಿಗೆ ಒಳ್ಳೆಯದೇ ಆಯಿತು. ನಮಗೆ ಬರುವುದು ಗಂಟಲಿನ ಸ್ವಾಬ್, ಅದರಲ್ಲಿ ಶಿಲೀಂಧ್ರ ಸಿಗುವುದು ಕಷ್ಟ. ಉಪ್ಪುನೀರಿನ ಆವಿ ಕೊಟ್ಟು ಕೆಮ್ಮಿಸಿ ಕಳಿಸಿ ಎಂದು ಆ ಡಾಕ್ಟರಿಗೆ ಈಗ ನಾನೇ ಫೋನ್ ಮಾಡುತ್ತೇನೆ.