ಕಳೆ ಕಟರ್‌ಗೆ ಆಯಿಲ್ ಎಷ್ಟು, ಕೇಬಲ್ ಎಷ್ಟು ಸಡಿಲ

ಮುಂಗಾರಿನ ಎರಡು ಒಳ್ಳೆ ಮಳೆ ಬಿದ್ದರೆ ಸಾಕು, ಶ್ರೀನಿವಾಸಪುರದ ಮಾವಿನ ತೋಪಿನಲ್ಲೂ ತಿಪಟೂರಿನ ತೆಂಗಿನ ತೋಟದಲ್ಲೂ ಹುಲ್ಲು ಮೊಣಕಾಲುದ್ದ ಎದ್ದುಬಿಡುತ್ತದೆ. ಅಟ್ಟದ ಮೇಲಿದ್ದ ಕಳೆ ಕಟರ್ ಕೆಳಗಿಳಿಯುವುದು ಆಗಲೇ, ಸೀಜ್ ಆಗುವುದೂ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು ನಿಲ್ಲುವುದೂ ಆಗಲೇ. ಸೀಜ್ ಆದ ಇಂಜಿನ್ ಬಿಚ್ಚಿದರೆ ಪಿಸ್ಟನ್ ಮೈಮೇಲೆ ಉದ್ದುದ್ದ ಗೀರು ಕಾಣುತ್ತದೆ, ಸೈಲೆನ್ಸರ್ ಕಡೆಗೆ ಹೆಚ್ಚು. ಬಹುಪಾಲು ಅದಕ್ಕೆ ಕಾರಣ ಮೂರೇ: ಆಯಿಲ್ ಸಾಲದಿರುವುದು, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದಿರುವುದು, ಇಂಜಿನ್ ತಣಿಯದಿರುವುದು. ಪಿಸ್ಟನ್ ಕಿಟ್‌ಗೆ ದುಡ್ಡು ಸುರಿಯುವ ಮೊದಲೇ ಈ ಮೂರನ್ನೂ ತೋಟದಲ್ಲೇ ತಡೆಯಬಹುದು.

ಇಲ್ಲಿ ಹೇಳುವುದೆಲ್ಲ 43 ಮತ್ತು 52 ಸಿಸಿಯ ಟೂ ಸ್ಟ್ರೋಕ್ ಕಟರ್‌ಗಳಿಗೆ. ಫೋರ್ ಸ್ಟ್ರೋಕ್ ಕಟರ್‌ನ ಟ್ಯಾಂಕಿಗೆ ಸಾಮಾನ್ಯವಾಗಿ ಬರೀ ಪೆಟ್ರೋಲ್. ಆಯಿಲ್ ಬೇರೆಯಾಗಿ ಇಂಜಿನ್ ತಳಕ್ಕೆ ಹೋಗುತ್ತದೆ. ಪಕ್ಕದ ತೋಟದಿಂದ ಕಟರ್ ಕೇಳಿ ತಂದಿದ್ದರೆ ಅದು ಯಾವುದೆಂದು ಮೊದಲು ತಿಳಿದುಕೊಳ್ಳಿ.

ಟೂ ಸ್ಟ್ರೋಕ್ ಇಂಜಿನ್ನಿನ ಹೊಟ್ಟೆಯಲ್ಲಿ ಆಯಿಲ್ ಇರುವುದಿಲ್ಲ. ಬೇರಿಂಗ್, ಪಿಸ್ಟನ್, ರಿಂಗ್ ಎಲ್ಲಕ್ಕೂ ಜಾರು ಸಿಗುವುದು ಪೆಟ್ರೋಲ್ ಜೊತೆ ಬರುವ ಆ ನಾಲ್ಕು ಹನಿಯಿಂದಲೇ. ಹಾಗಾಗಿ ಅಳತೆ ಕಣ್ಣಂದಾಜಿನದ್ದಾಗಬಾರದು. 25:1 ಎಂದರೆ ಲೀಟರ್ ಪೆಟ್ರೋಲಿಗೆ 40 ಮಿಲಿ, 40:1 ಎಂದರೆ 25 ಮಿಲಿ, 50:1 ಎಂದರೆ 20 ಮಿಲಿ. ನಿಮ್ಮ ಯಂತ್ರಕ್ಕೆ ಎಷ್ಟೆಂಬುದು ಟ್ಯಾಂಕಿನ ಮೇಲೋ ಪುಸ್ತಕದಲ್ಲೋ ಇರುತ್ತದೆ. ಅಂಟಿಸಿದ್ದ ಚೀಟಿ ಅಳಿಸಿ, ಪುಸ್ತಕವೂ ಕಳೆದಿದ್ದರೆ 25:1 ಹಾಕಿ. ಹೊಗೆ ಸ್ವಲ್ಪ ಹೆಚ್ಚು ಬರುತ್ತದೆ, ಇಂಜಿನ್ ಉಳಿಯುತ್ತದೆ. ಅಳೆಯಲು ಮೆಡಿಕಲ್ ಸ್ಟೋರಿನ 50 ಮಿಲಿ ಸಿರಿಂಜ್‌ಗಿಂತ ಒಳ್ಳೆಯದು ಬೇರೆ ಬೇಡ. ಬಾಟಲಿ ಮುಚ್ಚಳದ ಲೆಕ್ಕ ಬಿಡಿ, ಒಂದೊಂದು ಮುಚ್ಚಳ ಒಂದೊಂದು ಅಳತೆ.

ಆಯಿಲ್ ಡಬ್ಬದ ಮೇಲೆ 2ಟಿ (ಟೂ ಸ್ಟ್ರೋಕ್ ಆಯಿಲ್) ಎಂದೂ ಜಪಾನಿನ ಗುಣಮಟ್ಟದ ಗುರುತಾದ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಎಂದೂ ಇರಬೇಕು. ಬೈಕಿನ 20ಡಬ್ಲ್ಯೂ-40 ಬೇಡವೇ ಬೇಡ: ಅದು ಉರಿದುಹೋಗಲು ಮಾಡಿದ ಆಯಿಲ್ ಅಲ್ಲ, ಪ್ಲಗ್‌ನಲ್ಲೂ ಸೈಲೆನ್ಸರ್ ಬಾಯಲ್ಲೂ ಕರಿಕಟ್ಟುತ್ತದೆ. ದೋಣಿ ಇಂಜಿನ್ನಿನ ಟಿಸಿ-ಡಬ್ಲ್ಯೂ3 ಆಯಿಲ್ ಕೂಡ ಬೇಡ. ಅದು ನೀರಿನಿಂದ ತಣಿಯುವ ಇಂಜಿನ್ನಿಗೆ. ಗಾಳಿಯಿಂದ ತಣಿಯುವ ಕಟರ್‌ನ ಕಾವಿಗೆ ತಡೆಯುವುದಿಲ್ಲ.

ಆಯಿಲ್ ಜಾಸ್ತಿಯಾದಷ್ಟೂ ಒಳ್ಳೆಯದೆಂದು ಲೀಟರಿಗೆ 80, 100 ಮಿಲಿ ಸುರಿಯುವವರಿದ್ದಾರೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಇಂಜಿನ್ ಒಳಗೆ ಬಿಡುವ ದ್ರವ ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಆಯಿಲ್ ಪಾಲು ಏರಿದರೆ ಪೆಟ್ರೋಲ್ ಪಾಲು ಇಳಿಯುತ್ತದೆ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದೆ ಮಿಶ್ರಣ ತೆಳುವಾಗಿ ಇಂಜಿನ್ ಕಾವೇರುತ್ತದೆ, ಮೇಲೆ ಕರಿಯೂ ಕಟ್ಟುತ್ತದೆ.

ಕಟರ್‌ನ ಟ್ಯಾಂಕಿನಲ್ಲೇ ಬೆರೆಸಬೇಡಿ. ಆಯಿಲ್ ತಳಕ್ಕಿಳಿದು ಮೊದಲ ಹತ್ತು ನಿಮಿಷ ಹೊಗೆ, ಆಮೇಲೆ ಬರೀ ಪೆಟ್ರೋಲ್ ಎಂಬಂತಾಗುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ ಪೆಟ್ರೋಲ್ ಕ್ಯಾನ್‌ಗೆ ಬೇಕಾದ ಪೆಟ್ರೋಲಿನ ಅರ್ಧ ಹಾಕಿ, ಆಯಿಲ್ ಪೂರ್ತಿ ಬಿಡಿ, ಮುಚ್ಚಿ ಅಲುಗಾಡಿಸಿ, ಉಳಿದರ್ಧ ಸೇರಿಸಿ ಮತ್ತೆ ಅಲುಗಾಡಿಸಿ. ಪ್ರತಿ ಸಲ ಟ್ಯಾಂಕಿಗೆ ಬಿಡುವ ಮುಂಚೆಯೂ ಕ್ಯಾನ್ ಕುಲುಕಿ. ಬಿಸಿ ಇಂಜಿನ್ ಹತ್ತಿರ, ಬೀಡಿ ಹಚ್ಚಿದವರ ಹತ್ತಿರ ಈ ಕೆಲಸ ಬೇಡ.

ಈಗ ಬಂಕುಗಳಲ್ಲಿ ಸಿಗುವುದು 20% ಎಥನಾಲ್ ಇರುವ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಜೊತೆಗೂಡಿ ಬೇರೆ ಪದರವಾಗಿ ತಳಕ್ಕಿಳಿಯುತ್ತವೆ. 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನೊಳಗಿನ ಫಿಲ್ಟರ್ ಭಾರದ್ದು, ಸದಾ ತಳದಲ್ಲಿ ಬಿದ್ದಿರುತ್ತದೆ. ಅಂದರೆ ಇಂಜಿನ್ ಮೊದಲು ಕುಡಿಯುವುದು ಆಯಿಲ್ ಇಲ್ಲದ ಆ ಪದರವನ್ನೇ. ಹೋದ ವರ್ಷದ ಪೆಟ್ರೋಲ್ ಹಾಕಿ ಎಳೆದ ಕೂಡಲೇ ಸೀಜ್ ಆಗುವುದು ಹೀಗೆ. ಅನುಮಾನ ಬಂದರೆ ಗಾಜಿನ ಬಾಟಲಿಗೆ ಸ್ವಲ್ಪ ಬಿಟ್ಟು ಒಂದು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಗೆರೆ ಎಳೆದ ಹಾಗೆ ಬೇರೆ ಪದರ ಕಂಡರೆ ಅದನ್ನು ಯಾವ ಇಂಜಿನ್ನಿಗೂ ಹಾಕಬೇಡಿ, ಗಿಡದ ಬುಡಕ್ಕೂ ಚೆಲ್ಲಬೇಡಿ. ಎರಡು ವಾರಕ್ಕೆ ಆಗುವಷ್ಟೇ ಬೆರೆಸಿಕೊಳ್ಳುವುದು ಕ್ಷೇಮ.

ಇನ್ನು ಕೇಬಲ್, ಅಂದರೆ ಹಿಡಿಯ ಟ್ರಿಗರ್‌ನಿಂದ ಕಾರ್ಬೊರೇಟರ್‌ಗೆ ಹೋಗುವ ಆಕ್ಸಿಲರೇಟರ್ ವೈರು. ಮೊದಲು ಪ್ಲಗ್ ಕ್ಯಾಪ್ ಕಿತ್ತಿಡಿ, ಇದನ್ನು ಮರೆಯುವಂತಿಲ್ಲ. ಏರ್ ಫಿಲ್ಟರ್ ಮುಚ್ಚಳ ತೆಗೆದರೆ ಕಾರ್ಬೊರೇಟರ್ ಮೇಲೆ ಒಂದು ಪುಟ್ಟ ಲಿವರ್, ಅದಕ್ಕೆ ಸಿಕ್ಕಿಸಿದ ಇನ್ನರ್ ವೈರಿನ ನಿಪ್ಪಲ್ ಕಾಣುತ್ತದೆ. ಹಿಡಿಯ ಟ್ರಿಗರ್ ಪೂರ್ತಿ ಬಿಡಿ. ಲಿವರ್ ಹಿಂದಕ್ಕೆ ಬಂದು ಐಡ್ಲಿಂಗ್ ಸ್ಕ್ರೂ ತುದಿಗೆ ಆನಿಕೊಳ್ಳಬೇಕು. ಬಸ್ ಟಿಕೆಟ್ಟಿನಷ್ಟು ತೆಳು ಕಾಗದ ಎರಡರ ಮಧ್ಯೆ ಸಲೀಸಾಗಿ ತೂರಿದರೆ ಕೇಬಲ್ ಬಿಗಿಯಾಗಿದೆ, ಲಿವರನ್ನು ಕೂರಲು ಬಿಡುತ್ತಿಲ್ಲ ಎಂದರ್ಥ. ಈಗ ಟ್ರಿಗರ್ ಪೂರ್ತಿ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಲಿವರನ್ನು ಅದೇ ದಿಕ್ಕಿಗೆ ತಳ್ಳಿ ನೋಡಿ. ಇನ್ನೂ ಸರಿದು ‘ಟಕ್’ ಎಂದರೆ ಕೇಬಲ್ ಸಡಿಲ, ಫುಲ್ ಕೊಟ್ಟಾಗಲೂ ಇಂಜಿನ್ನಿಗೆ ಫುಲ್ ಸಿಗುತ್ತಿಲ್ಲ.

ಸರಿಮಾಡಲು ಕೇಬಲ್ಲಿನ ತಿರುಪು ಅಡ್ಜಸ್ಟರನ್ನು ಹಿಡಿದಿಡುವ ಚೆಕ್ ನಟ್ ಸಡಿಲಿಸಿ. ಅಡ್ಜಸ್ಟರನ್ನು ಹೊರಕ್ಕೆ ತಿರುಗಿಸಿದರೆ ಕೇಬಲ್ ಬಿಗಿ, ಒಳಕ್ಕೆ ತಿರುಗಿಸಿದರೆ ಸಡಿಲ. ಟ್ರಿಗರ್ ಬಿಟ್ಟಾಗ ಇನ್ನರ್ ವೈರು 1ರಿಂದ 2 ಮಿಲಿಮೀಟರ್ ಆಡಬೇಕು, ಒತ್ತಿದಾಗ ಲಿವರ್ ಕೊನೆಯ ತಡೆ ಮುಟ್ಟಬೇಕು. ಎರಡೂ ಸಿಕ್ಕಮೇಲೆ ಚೆಕ್ ನಟ್ ಬಿಗಿಮಾಡಿ ಇನ್ನೊಮ್ಮೆ ನೋಡಿ, ನಟ್ ಬಿಗಿಯುವಾಗಲೇ ಅಡ್ಜಸ್ಟರ್ ಅರ್ಧ ಸುತ್ತು ಸರಿದಿರುತ್ತದೆ. ಬೆನ್ನಿಗೆ ಹಾಕುವ ಕಟರ್ ಆದರೆ ಹಿಡಿಯನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ತಿರುಗಿಸಿ ಪ್ರತಿ ಭಂಗಿಯಲ್ಲೂ ಲಿವರ್ ಕೂರುತ್ತದೆಯೇ ನೋಡಿ. ನೆಲದ ಮೇಲೆ ಸರಿಯಿದ್ದ ಕೇಬಲ್, ಮೈ ತಿರುಗಿಸಿದಾಗ ತಾನೇ ಎಳೆದು ಬ್ಲೇಡ್ ಓಡಿಸಿದರೆ ಕಾಲಿಗೇ ಅಪಾಯ.

ಇನ್ನರ್ ವೈರಿನ ಒಂದೇ ಒಂದು ಎಳೆ ಕಿತ್ತು ಬಂದಿದ್ದರೂ ಕೇಬಲ್ ಬದಲಿಸಿ. ಆ ಎಳೆ ಔಟರ್ ಒಳಗೆ ಸಿಕ್ಕಿಕೊಂಡರೆ ಟ್ರಿಗರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ. ಹೊಸದನ್ನು ತರುವಾಗ ಹಳೆಯದನ್ನೇ ಅಂಗಡಿಗೆ ಒಯ್ದು ಔಟರ್ ಉದ್ದ, ಇನ್ನರ್ ಉದ್ದ ಎರಡನ್ನೂ ಹೋಲಿಸಿ. ಸೈಲೆನ್ಸರ್‌ಗೆ ತಾಗದಂತೆ ಕಟ್ಟಿ. ಗ್ರೀಸ್ ಬೇಡ, ನಮ್ಮ ಕೆಂಪು ಮಣ್ಣಿನ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಆಮೇಲೆ ಪ್ಲಗ್ ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ, ಎರಡು ಮೂರು ನಿಮಿಷ ಬಿಸಿಯಾಗಲಿ. ಟ್ರಿಗರ್ ಬಿಟ್ಟಾಗ ಇಂಜಿನ್ ನಿಲ್ಲಬಾರದು, ಬ್ಲೇಡ್ ತಿರುಗಬಾರದು. ಐಡ್ಲಿಂಗ್ ಸ್ಕ್ರೂನಲ್ಲಿ ಈ ಎರಡರ ನಡುವಿನ ಜಾಗ ಹುಡುಕಿ. ಇಂಜಿನ್ ನಿಲ್ಲುವಷ್ಟು ಇಳಿಸಿದರೂ ಬ್ಲೇಡ್ ತಿರುಗುತ್ತಿದ್ದರೆ ತಪ್ಪು ಕೇಬಲ್‌ದಲ್ಲ, ಕ್ಲಚ್ ಸ್ಪ್ರಿಂಗ್ ಹೋಗಿರಬೇಕು.

ಕಾರ್ಬೊರೇಟರ್‌ನ ಪೆಟ್ರೋಲ್ ಸ್ಕ್ರೂಗೆ ಕೈಹಾಕುವುದು ಎಲ್ಲಕ್ಕಿಂತ ಕೊನೆಗೆ. ಪಿಕಪ್ ಇಲ್ಲವೆಂದು ಮೊದಲು ಅದನ್ನೇ ತಿರುವಿ ಕೆಡಿಸಿಕೊಂಡ ಯಂತ್ರಗಳೇ ಹೆಚ್ಚು. ಮೊದಲು ಏರ್ ಫಿಲ್ಟರ್ ಸ್ಪಂಜನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಟ್ಯಾಂಕಿನ ಫಿಲ್ಟರ್ ನೋಡಿ, ಕಾರ್ಬೊರೇಟರ್ ಕೂರಿಸಿದ ಎರಡು ಸ್ಕ್ರೂ ಬಿಗಿಯಾಗಿವೆಯೇ ನೋಡಿ. ಅಲ್ಲಿ ಸಡಿಲವಿದ್ದರೆ ಕದ್ದು ಗಾಳಿ ಎಳೆದು ಮಿಶ್ರಣ ತೆಳುವಾಗುತ್ತದೆ. ಪ್ಲಗ್ ಗ್ಯಾಪ್ 0.6ರಿಂದ 0.7 ಮಿಲಿಮೀಟರ್ ಇರಲಿ. ಪ್ಲಗ್ ತುದಿ ಇಟ್ಟಿಗೆ ಅಥವಾ ಕಾಫಿ ಬಣ್ಣಕ್ಕಿದ್ದರೆ ಸರಿ. ಒದ್ದೆಯಾಗಿ ಕಪ್ಪಗಿದ್ದರೆ ಪೆಟ್ರೋಲ್ ಹೆಚ್ಚು ಇಲ್ಲವೇ ಗಾಳಿ ಕಡಿಮೆ. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಮಿಶ್ರಣ ತೆಳುವಾಗಿದೆ, ತಕ್ಷಣ ಕೆಲಸ ನಿಲ್ಲಿಸಿ.

ಕಿವಿಗೂ ಗೊತ್ತಾಗುತ್ತದೆ. ಹುಲ್ಲಿಗೆ ತಾಗಿಸದೆ ಫುಲ್ ಕೊಟ್ಟಾಗ ಸದ್ದು ಸ್ವಲ್ಪ ಬಿಟ್ಟು ಬಿಟ್ಟು, ಗೊಗ್ಗರಾಗಿ ಬರಬೇಕು. ಬ್ಲೇಡ್ ಹುಲ್ಲಿಗೆ ತಾಗಿದ ಕೂಡಲೇ ಶುದ್ಧವಾಗಬೇಕು. ಖಾಲಿ ಓಡುವಾಗಲೇ ಸೀಟಿಯಂತೆ ಚೂಪಾಗಿ ಕೂಗಿದರೆ ಪೆಟ್ರೋಲ್ ಸಾಲುತ್ತಿಲ್ಲ. ಕೋಲಾರದ ನೆಲ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ, ಇಲ್ಲಿ ಗಾಳಿ ಸ್ವಲ್ಪ ತೆಳು. ಇಲ್ಲಿಗೆ ಹೊಂದಿಸಿದ ಯಂತ್ರವನ್ನು ಕರಾವಳಿಯ ತೋಟಕ್ಕೆ ಒಯ್ದರೆ ಅಲ್ಲಿನ ದಟ್ಟ ಗಾಳಿಗೆ ಪೆಟ್ರೋಲ್ ಸಾಲದೆ ಮಿಶ್ರಣ ತೆಳುವಾಗುತ್ತದೆ, ಸದ್ದು ಕೇಳಿ ಮತ್ತೆ ಹೊಂದಿಸಿಕೊಳ್ಳಿ.

ಒಂದು ಟ್ಯಾಂಕ್ ಮುಗಿದಾಗಲೆಲ್ಲ ಸಿಲಿಂಡರ್ ರೆಕ್ಕೆಗಳ ನಡುವೆ ಸಿಕ್ಕ ಹುಲ್ಲು ಬಿಡಿಸಿ. ಬಿಸಿ ಇಂಜಿನ್ನನ್ನು ಒಮ್ಮೆಗೇ ಆಫ್ ಮಾಡದೆ ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ಫ್ಯಾನ್ ಗಾಳಿ ಅದನ್ನು ತಣಿಸುತ್ತದೆ.

ಹುಲ್ಲಿನ ಕೆಲಸ ಮುಗಿದು ಮತ್ತೆ ಅಟ್ಟಕ್ಕೇರಿಸುವಾಗ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ, ತೂತಿನಲ್ಲಿ 5 ಮಿಲಿ 2ಟಿ ಆಯಿಲ್ ಬಿಟ್ಟು ಹಗ್ಗವನ್ನು ಎರಡು ಸಲ ನಿಧಾನಕ್ಕೆ ಎಳೆದು ಪ್ಲಗ್ ಕೂರಿಸಿ. ಕೇಬಲ್‌ನ ಮೇಲ್ತುದಿಗೂ ಎರಡು ಹನಿ ಬಿಟ್ಟು ಟ್ರಿಗರ್ ಹತ್ತು ಸಲ ಒತ್ತಿ.