ಟರ್ಮಿನಲ್ ಡೀಮನ್: ಹೊಸ ವಿಂಡೋಗೆ ಹಳೇ ಪಾತ್

ಲಿನಕ್ಸ್‌ನಲ್ಲಿ ಕಮಾಂಡ್ ಟೈಪ್ ಮಾಡಲು ಬಳಸುವ ಫುಟ್ (foot) ಟರ್ಮಿನಲನ್ನು ನಾನು ಸರ್ವರ್ ಮೋಡ್‌ನಲ್ಲೇ ಓಡಿಸುತ್ತೇನೆ. ಹಿನ್ನೆಲೆಯಲ್ಲಿ ಓಡುವ ಒಂದೇ ಪ್ರೋಸೆಸ್ (ಡೀಮನ್) ಎಲ್ಲಾ ವಿಂಡೋಗಳನ್ನೂ ನಡೆಸುತ್ತದೆ. ಫುಟ್‌ಕ್ಲೈಂಟ್ ಅನ್ನೋ ಕಮಾಂಡ್ ಕೊಟ್ಟರೆ ಸಾಕು, ವಿಂಡೋ ತಟ್ಟನೆ ತೆರೆಯುತ್ತದೆ. ಫಾಂಟ್ ಕ್ಯಾಶ್ ಎಲ್ಲಕ್ಕೂ ಒಂದೇ, ಮೆಮೊರಿಯೂ ಉಳಿಯುತ್ತದೆ.

ಆದರೆ ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟಿಗೆಂದೇ ಇಟ್ಟ ಪ್ರತ್ಯೇಕ ಪೈಥಾನ್) ಆನ್ ಮಾಡಿ ಅಲ್ಲಿಂದಲೇ ಇನ್ನೊಂದು ವಿಂಡೋ ತೆರೆದರೆ, ಅದರಲ್ಲಿ ಮತ್ತೆ ಸಿಸ್ಟಮ್ ಪೈಥಾನ್! ಫೋಲ್ಡರ್ ಮಾತ್ರ ಸರಿಯಾಗಿತ್ತು. ಇದೇ ಜಾಸ್ತಿ ತಲೆ ಕೆಡಿಸಿದ್ದು. ಕಾರಣ ಇಷ್ಟೇ: ಹೊಸ ಶೆಲ್ಲನ್ನು, ಅಂದರೆ ವಿಂಡೋದಲ್ಲಿ ಕಮಾಂಡ್ ಓದಿ ನಡೆಸುವ ಪ್ರೋಗ್ರಾಮನ್ನು, ಹುಟ್ಟಿಸೋದು ಸರ್ವರ್. ಹಾಗಾಗಿ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳೂ (ಪ್ರೋಗ್ರಾಂಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಪಾತ್‌ನಂಥ ಸೆಟ್ಟಿಂಗ್‌ಗಳು) ಸರ್ವರ್ ಶುರುವಾದಾಗ ಇದ್ದವೇ. ಫುಟ್‌ಕ್ಲೈಂಟ್‌ಗೆ ದೊಡ್ಡಕ್ಷರದ ‘-E’ ಆಯ್ಕೆ ಕೊಟ್ಟೆ. ಕ್ಲೈಂಟಿನ ವೇರಿಯಬಲ್‌ಗಳೇ ಹೊಸ ಶೆಲ್ಲಿಗೆ ಬಂದವು.

ಅಂದಹಾಗೆ, ಸರ್ವರ್ ಬಿದ್ದರೆ ಎಲ್ಲಾ ವಿಂಡೋಗಳೂ ಒಟ್ಟಿಗೇ ಮಾಯ. ಅದಕ್ಕೇ ದೊಡ್ಡ ಕಂಪೈಲ್ ಇದ್ದರೆ, ವಿಂಡೋ ಹೋದರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಟಿಮಕ್ಸ್ (tmux) ಒಳಗೆ ಓಡಿಸುತ್ತೇನೆ.