ಹೇಟಾರ್ ಕ್ವಾರಿಯಿಂದ ಹೌಂಡ್ ಟಾರ್‌ವರೆಗೆ: ನಾಯಿ ಜೊತೆ ಡಾರ್ಟ್‌ಮೂರ್ ನಡಿಗೆ

ಇಂಗ್ಲೆಂಡಿನ ಡೆವನ್ ಜಿಲ್ಲೆಯ ಡಾರ್ಟ್‌ಮೂರ್ ಬಹುಪಾಲು ಬೋಳುಗುಡ್ಡಗಳ ನಾಡು. ಹುಲ್ಲು, ಹೀದರ್ ಪೊದೆ, ಅಲ್ಲಲ್ಲಿ ಜೌಗು, ಗುಡ್ಡದ ನೆತ್ತಿಯಲ್ಲಿ ಗ್ರಾನೈಟ್ ಬಂಡೆಗಳ ರಾಶಿ. ಆ ಬಂಡೆರಾಶಿಗೆ ಅಲ್ಲಿಯವರು ‘ಟಾರ್’ ಅನ್ನುತ್ತಾರೆ. ಹೇಟಾರ್‌ನಿಂದ ಹೌಂಡ್ ಟಾರ್‌ಗೆ ಹೋಗಿಬರುವ ಈ ದಾರಿ ಒಟ್ಟು ಸುಮಾರು 9 ಕಿ.ಮೀ. ನಾಯಿ ಜೊತೆಗಿದ್ದರೆ ಮೂರೂವರೆ ತಾಸು ಇಟ್ಟುಕೊಳ್ಳಿ. ಇಲ್ಲಿ ಏರು ಅಂಥ ಕಷ್ಟವಲ್ಲ. ಎಡವಟ್ಟಾಗುವುದು ಲೀಶ್ (ನಾಯಿಯ ಹಗ್ಗ) ಎಲ್ಲಿ ಬಿಗಿಯಬೇಕು, ಎಲ್ಲಿ ಬಿಡಬೇಕು ಎಂಬುದು ತಿಳಿಯದೆ ಹೋದಾಗ.

ಮೊದಲು ತಿಂಗಳು ನೋಡಿಕೊಳ್ಳಿ. ಮಾರ್ಚ್ 1ರಿಂದ ಜುಲೈ 31ರವರೆಗೆ ಈ ಬಯಲಿನಲ್ಲಿ ನಾಯಿಗೆ 2 ಮೀಟರ್ ಮೀರದ ಲೀಶ್ ಕಡ್ಡಾಯ. ಸ್ಕೈಲಾರ್ಕ್‌ನಂಥ ಹಕ್ಕಿಗಳು ಆಗ ನೆಲದ ಮೇಲೇ ಗೂಡು ಕಟ್ಟಿರುತ್ತವೆ. ಎಳೆದಷ್ಟೂ ಬಿಚ್ಚಿಕೊಳ್ಳುವ ರೀಲ್ ಲೀಶ್ ಮನೆಯಲ್ಲೇ ಇರಲಿ, ಅದರ ದಾರ ಗಾರ್ಸ್ ಮುಳ್ಳುಪೊದೆಗೆ ಸುತ್ತಿಕೊಂಡರೆ ಬಿಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಕುರಿ, ದನ, ಕುದುರೆ ಹತ್ತಿರವಿದ್ದರೆ ವರ್ಷದ ಯಾವ ದಿನವಾದರೂ ಲೀಶ್ ಹಾಕಲೇಬೇಕು. ಕುರಿಗಳ ಮೇಲೆ ಬಿದ್ದ ನಾಯಿಗೆ ಬೇರೆ ದಾರಿಯಿಲ್ಲದೆ ಗುಂಡು ಹೊಡೆದ ರೈತನಿಗೆ ಅಲ್ಲಿನ ಕಾನೂನಿನ ರಕ್ಷಣೆ ಉಂಟು. ನಮ್ಮನ್ನು ಕೇಳಿದರೆ ಸೆಪ್ಟೆಂಬರ್ ಒಳ್ಳೆಯದು: ಹೀದರ್ ಹೂ ಇನ್ನೂ ಉಳಿದಿರುತ್ತದೆ, ಚಳಿಗಾಲದ ಕೆಸರು ಶುರುವಾಗಿರುವುದಿಲ್ಲ.

20 ಕೆ.ಜಿ. ತೂಗುವ ನಾಯಿಗೆಂದೇ 1 ಲೀಟರ್ ನೀರು, ಮಡಚುವ ಬಟ್ಟಲು, ಉಣ್ಣಿ ಕೀಳುವ ಪ್ಲಾಸ್ಟಿಕ್ ಕೊಕ್ಕೆ, ಒಂದು ಸುರುಳಿ ಬ್ಯಾಂಡೇಜ್, ಹೇಲು ಎತ್ತುವ ಚೀಲಗಳು, ದಿಕ್ಸೂಚಿ, ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಓಎಲ್28 ನಕ್ಷೆ ಚೀಲದಲ್ಲಿರಲಿ. ಮಂಜು ಇಳಿದಾಗ ಫೋನಿನ ಸಿಗ್ನಲ್ ನಂಬಿ ಕೂರಬೇಡಿ.

ಬೋವಿ ಟ್ರೇಸಿ ಊರಿನಿಂದ ಬಿ3387 ರಸ್ತೆಯಲ್ಲಿ ಪಶ್ಚಿಮಕ್ಕೆ ಬಂದರೆ ಹೇಟಾರ್‌ನ ಕೆಳಗಿನ ಕಾರ್ ಪಾರ್ಕಿಂಗ್ ಸಿಗುತ್ತದೆ. ಅಲ್ಲಿಂದ ಹುಲ್ಲುಹಾದಿ ಹಿಡಿದು 457 ಮೀಟರ್ ಎತ್ತರದ ಹೇಟಾರ್ ಬಂಡೆಯ ಬುಡಕ್ಕೆ ಏರಿ. ಬಂಡೆಯ ಮೇಲಕ್ಕೆ ಕೊರೆದ ಮೆಟ್ಟಿಲುಗಳಿವೆ, ಆದರೆ ನಾಯಿಯನ್ನು ಹತ್ತಿಸಬೇಡಿ. ಸವೆದು ನುಣುಪಾದ ಕಲ್ಲಿನಲ್ಲಿ ಅದು ಹತ್ತಿಬಿಡುತ್ತದೆ, ಇಳಿಯುವಾಗ ಹಿಡಿತ ಸಿಗದೆ ಒದ್ದಾಡುತ್ತದೆ.

ಬಂಡೆಯ ಉತ್ತರಕ್ಕೆ ಇಳಿದರೆ ಹಳೆಯ ಕ್ವಾರಿ, ಅಂದರೆ ಕಲ್ಲುಗಣಿ. ಗುಡ್ಡದ ಮೇಲಿನಿಂದ ಬರುವವರ ಎದುರಿಗೆ ಸಿಗುವುದು ಕ್ವಾರಿಯ ಕಡಿದಾದ ಅಂಚೇ, ಆದ್ದರಿಂದ ಇಲ್ಲಿ ಲೀಶ್ ಗಿಡ್ಡ ಮಾಡಿಕೊಳ್ಳಿ. ಬೇಲಿ ದಾಟದೆ ಅದರ ಪಕ್ಕದಲ್ಲೇ ಇಳಿದು, ಕೆಳಗಿನ ಗೇಟಿನಿಂದ ಒಳಹೊಕ್ಕರೆ ಗಾಳಿಯಿಲ್ಲದ ತಂಪು ಜಾಗ, ನಡುವೆ ಕೊಳ, ತುಕ್ಕು ಹಿಡಿದ ಕಬ್ಬಿಣದ ರಾಟೆ. ಬಿಸಿಲುಗಾಲದಲ್ಲಿ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಪಾಚಿ ತೇಲುತ್ತಿದ್ದರೆ ನಾಯಿಯನ್ನು ಹತ್ತಿರವೂ ಬಿಡಬೇಡಿ, ವಿಷದ ಪಾಚಿಯಿರಬಹುದು. ಬಿದ್ದಿರುವ ಕಲ್ಲುಗಳ ಅಂಚಿನಲ್ಲಿ ಸಾಲಾಗಿ ಅರ್ಧ ಕೊಳವೆಯಂಥ ಗೀರುಗಳನ್ನು ಹುಡುಕಿ. ನಮ್ಮ ಕಲ್ಲುಕುಟಿಗರು ಸಾಲು ಕುಳಿ ತೋಡಿ ಬೆಣೆ ಬಡಿದು ಬಂಡೆ ಸೀಳುವುದೂ ಹೀಗೆಯೇ. 1831ರಲ್ಲಿ ತೆರೆದ ಲಂಡನ್ ಸೇತುವೆಗೆ ಇಲ್ಲಿಯ ಗ್ರಾನೈಟ್ ಹೋಗಿತ್ತು. ಆ ಸೇತುವೆ ಈಗ ಅಮೆರಿಕದ ಅರಿಜೋನಾದಲ್ಲಿದೆ.

ಕ್ವಾರಿಯಿಂದ ಹೊರಬಿದ್ದ ಮೇಲೆ ಕಾಲಿಗೆ ಸಿಗುವುದೇ ಕಲ್ಲು ಸಾಗಿಸಲು ಹಾಕಿದ್ದ 1820ರ ಟ್ರಾಮ್ ದಾರಿ. ಇದರ ಹಳಿಗಳೂ ಗ್ರಾನೈಟೇ. ಚಪ್ಪಡಿಯ ಒಂದಂಚನ್ನು ಎತ್ತರಕ್ಕೆ ಉಳಿಸಿ, ಗಾಲಿ ಜಾರದಂತೆ ಕಡೆದಿದ್ದಾರೆ. ಎರಡು ಸಾಲಿನ ನಡುವೆ ಸುಮಾರು 1.3 ಮೀಟರ್ ಅಂತರ. ಕಲ್ಲು ಹೇರಿದ ಬಂಡಿಗಳು ಇಳಿಜಾರಿನಲ್ಲಿ ತಮ್ಮ ಭಾರಕ್ಕೇ ಇಳಿಯುತ್ತಿದ್ದವು, ಖಾಲಿ ಬಂಡಿಗಳನ್ನು ಕುದುರೆಗಳು ಮೇಲಕ್ಕೆ ಎಳೆಯುತ್ತಿದ್ದವು. ಹಳಿ ಕವಲೊಡೆಯುವ ಕಡೆ ಕಲ್ಲಿನಲ್ಲೇ ತಿರುವು ಕೊರೆದಿರುವುದನ್ನು ಬಗ್ಗಿ ನೋಡಿ. ಮಂಜು ಕವಿದರೆ ಈ ಹಳಿಯನ್ನೇ ಹಿಡಿದು ಹಿಂದಕ್ಕೆ ಬನ್ನಿ, ಕ್ವಾರಿಗೆ ತಲುಪಿಸುತ್ತದೆ.

ಪಶ್ಚಿಮಕ್ಕೆ ಹೋದ ಹಳಿ ಹೋಲ್‌ವೆಲ್ ಕ್ವಾರಿಯಲ್ಲಿ ಮುಗಿಯುತ್ತದೆ. ಅಲ್ಲಿನ ಕಲ್ಲುಚೂರಿನ ರಾಶಿ ಮೇಲೆ ನಾಯಿಯನ್ನು ಓಡಬಿಡಬೇಡಿ. ಸಂದಿನಲ್ಲಿ ಕಾಲು ಸಿಕ್ಕಿಕೊಂಡರೆ ಉಳುಕುವುದಿರಲಿ, ಮುರಿದರೂ ಮುರಿಯಿತು. ಹಳಿ ಬಿಟ್ಟು ಉತ್ತರಕ್ಕೆ ಸ್ಮಾಲಕೂಂಬ್ ಬಂಡೆಗಳ ಬಳಿ ಹೋಗಿ, ಅಲ್ಲಿಂದ ಬೆಕಾ ಹೊಳೆಗೆ ಇಳಿಯಿರಿ. ಕಡಿದಾದ ಇಳಿಜಾರು, ಸುತ್ತ ಬ್ರ್ಯಾಕನ್ ಜರಿಗಿಡ. ಉಣ್ಣಿಗಳ ತವರು ಇದು, ನಾಯಿ ಹಾದಿಯ ನಡುವೆಯೇ ನಡೆಯಲಿ. ಹೊಳೆಗೆ ಗ್ರಾನೈಟ್ ಚಪ್ಪಡಿ ಹಾಸಿದ ಸಂಕವಿದೆ. ಒದ್ದೆಯಿದ್ದರೆ ನೀವು ಮುಂದೆ, ನಾಯಿ ಹಿಂದೆ.

ಆಚೆ ದಡದ ಮರಗಳ ನಡುವೆ ಏರಿದರೆ ಗ್ರೇಟರ್ ಬಂಡೆಗಳು, ಅದರಾಚೆ ಮಧ್ಯಯುಗದ ಹಾಳೂರಿನ ಗೋಡೆಸಾಲು. ಮನುಷ್ಯರೂ ದನಗಳೂ ಒಂದೇ ಸೂರಿನಡಿ ಇದ್ದ ಉದ್ದುದ್ದ ಮನೆಗಳವು, ನಮ್ಮ ಹಳೆಯ ಹಳ್ಳಿಮನೆಗಳ ಹಾಗೆಯೇ. ಮೇಲೆ 414 ಮೀಟರಿನ ಹೌಂಡ್ ಟಾರ್. ಹೌಂಡ್ ಎಂದರೆ ಬೇಟೆನಾಯಿ. ಮಾಟಗಾತಿಯರ ಶಾಪಕ್ಕೆ ಕಲ್ಲಾದ ಬೇಟೆನಾಯಿಗಳೇ ಈ ಬಂಡೆಗಳು ಎಂದು ಅಲ್ಲಿಯ ಜನ ಕಥೆ ಹೇಳುತ್ತಾರೆ.

ವಾಪಸು ಬರುವಾಗ ಅದೇ ಸಂಕ ದಾಟಿ ಸ್ಮಾಲಕೂಂಬ್‌ಗೆ ಏರಿ, ಎದುರಿಗೆ ಕಾಣುವ ಹೇಟಾರ್ ಗುರಿಯಿಟ್ಟು ನೇರ ನಡೆಯಿರಿ. ಕರುವಿರುವ ಹಸುಗಳು ದಾರಿಯಲ್ಲಿದ್ದರೆ ದೂರದಿಂದಲೇ ಬಳಸಿ ಹೋಗಿ. ಅಟ್ಟಿಸಿಕೊಂಡು ಬಂದರೆ ಲೀಶ್ ಕೈಬಿಡಿ: ಹಸುವಿನ ಕೋಪ ನಾಯಿ ಮೇಲೆ, ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ಹಿಡಿದುಕೊಂಡವರು ತುಳಿತಕ್ಕೆ ಸಿಗುತ್ತಾರೆ. ವಸಂತದ ಬಿಸಿಲಿಗೆ ಮೈಕಾಯಿಸುವ ಆ್ಯಡರ್ ಹಾವಿಗೆ ವಿಷವಿದೆ, ಬೆನ್ನ ಮೇಲೆ ಅಂಕುಡೊಂಕು ಪಟ್ಟೆ. ಕಚ್ಚಿದರೆ ಕಟ್ಟು ಕಟ್ಟಬೇಡಿ, ಗಾಯ ಕೊಯ್ಯಬೇಡಿ, ನಾಯಿಯನ್ನು ಆದಷ್ಟು ನಡೆಸದೆ ಎತ್ತಿಕೊಂಡು ಪಶುವೈದ್ಯರ ಬಳಿ ಹೋಗಿ.

ಕಾರಿನ ಬಳಿ ಬಂದಾಗ ಮೊದಲು ಅಂಗಾಲು ನೋಡಿ. ಡಾರ್ಟ್‌ಮೂರ್ ಗ್ರಾನೈಟಿನಲ್ಲಿ ಫೆಲ್ಡ್‌ಸ್ಪಾರ್ ಹರಳುಗಳು ಮೇಲೆದ್ದಿರುವುದರಿಂದ ಮೆತ್ತನೆ ಪಾದ ಮರಳುಕಾಗದಕ್ಕೆ ಉಜ್ಜಿದಂತೆ ಸವೆದಿರುತ್ತದೆ. ಆಮೇಲೆ ಕಿವಿಯ ಹಿಂದೆ, ಕಂಕುಳು, ಬೆರಳ ಸಂದು ತಡವಿ. ಉಣ್ಣಿ ಸಿಕ್ಕರೆ ಹಿಸುಕಬೇಡಿ, ಎಣ್ಣೆ ಹಚ್ಚಬೇಡಿ. ಕೊಕ್ಕೆಯನ್ನು ಚರ್ಮಕ್ಕೆ ತಾಗಿಸಿ ನಿಧಾನಕ್ಕೆ ತಿರುಗಿಸಿದರೆ ತಲೆ ಸಮೇತ ಬರುತ್ತದೆ.